ವರ್ಷಗಟ್ಟಲೆ ಕಾಯಿಸುವ ಗ್ರಹಣಗಳು: ದೀರ್ಘಾವಧಿ ಜೋಡಿ ನಕ್ಷತ್ರಗಳನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಚಂದ್ರಗ್ರಹಣ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ವಿಜಯಸಾರಥಿ ನಕ್ಷತ್ರಪುಂಜದ ಎಪ್ಸಿಲಾನ್ ನಕ್ಷತ್ರದ ಗ್ರಹಣ, ಅಂದರೆ ಅದರ ಜೊತೆಗಾರ ಅದನ್ನು ಮರೆಮಾಡುವುದು, ಸುಮಾರು ಎರಡು ವರ್ಷ ನಡೆಯುತ್ತದೆ. ಬರುವುದು 27 ವರ್ಷಕ್ಕೊಮ್ಮೆ. ಕಳೆದ ಸಲದ್ದು 2009ರಲ್ಲಿ ಶುರುವಾಗಿ 2011ರಲ್ಲಿ ಮುಗಿಯಿತು. ಮುಂದಿನದು 2036ರಲ್ಲಿ ಶುರುವಾಗುತ್ತದೆ. ಇದು ಬರಿಗಣ್ಣಿಗೆ ಕಾಣುವ ನಕ್ಷತ್ರ. ಬೆಂಗಳೂರಿನ ತಾರಸಿಯಿಂದಲೂ ಸಿಗುತ್ತದೆ.

ಅಷ್ಟು ದೂರ ಇದ್ದರೆ ಈಗಲೇ ಯಾಕೆ ಶುರು ಮಾಡಬೇಕು ಅಂತ ಕೇಳಬಹುದು. ಗ್ರಹಣ ಇಲ್ಲದ ಕಾಲದಲ್ಲಿ ಆ ನಕ್ಷತ್ರ ಹೇಗಿರುತ್ತದೆ ಅನ್ನೋದು ಗೊತ್ತಿಲ್ಲದಿದ್ದರೆ, ಗ್ರಹಣದ ಅಳತೆಗೆ ಬೆಲೆಯೇ ಇಲ್ಲ. ಮಗುವಿಗೆ ಜ್ವರ ಎಷ್ಟಿದೆ ಅಂತ ಹೇಳಬೇಕಾದರೆ ಅದರ ಮಾಮೂಲಿ ಮೈಬಿಸಿ ಗೊತ್ತಿರಬೇಕು, ಅಲ್ವಾ? ಈ ನಕ್ಷತ್ರಗಳ ಅಧ್ಯಯನದಲ್ಲಿ ಮುಕ್ಕಾಲು ಪಾಲು ಕೆಲಸ ಇರುವುದು ಆ ಶಾಂತ ವರ್ಷಗಳಲ್ಲೇ. ಹವ್ಯಾಸಿಗಳು ವಿಜ್ಞಾನಕ್ಕೆ ನಿಜವಾಗಿ ನೆರವಾಗುವುದೂ ಅಲ್ಲೇ.

ಮೊದಲು ಆಕಾಶದ ಲೆಕ್ಕ

ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ ಅಂದುಕೊಳ್ಳಿ. ಅವುಗಳ ಕಕ್ಷೆ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡಿದ್ದರೆ ಮಾತ್ರ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಇದರ ಸಾಧ್ಯತೆ ಎಷ್ಟು ಅಂತ ತಿಳಿಯಲು ಎರಡರ ತ್ರಿಜ್ಯಗಳನ್ನು ಕೂಡಿಸಿ, ಅವುಗಳ ನಡುವಿನ ದೂರದಿಂದ ಭಾಗಿಸಿದರೆ ಸಾಕು. ಸೂರ್ಯನಂಥ ಎರಡು ನಕ್ಷತ್ರಗಳು ಭೂಮಿ–ಸೂರ್ಯರಷ್ಟು ದೂರದಲ್ಲಿದ್ದರೆ ನೂರರಲ್ಲಿ ಒಂದು ಜೋಡಿಗೆ ಮಾತ್ರ ಗ್ರಹಣ. ದೂರ ಇನ್ನೂ ಜಾಸ್ತಿಯಾದರೆ ಅವಕಾಶ ಇನ್ನೂ ಕಮ್ಮಿ.

ಆದರೆ ಜೋಡಿಯಲ್ಲಿ ಒಂದು ದೈತ್ಯವಾಗಿದ್ದರೆ ಲೆಕ್ಕ ಬದಲಾಗುತ್ತದೆ. ಸೂರ್ಯನ 150 ಪಟ್ಟು ತ್ರಿಜ್ಯದ ನಕ್ಷತ್ರ, ಜೊತೆಗಾರ ಭೂಮಿ–ಸೂರ್ಯರ ನಾಲ್ಕು ಪಟ್ಟು ದೂರದಲ್ಲಿ ಅಂತಿಟ್ಟುಕೊಳ್ಳಿ. ಆಗ ಆರರಲ್ಲಿ ಒಂದು ಜೋಡಿಗೆ ಗ್ರಹಣ ಸಾಧ್ಯ. ಅದಕ್ಕೇ ನಮಗೆ ಗೊತ್ತಿರುವ ದೀರ್ಘಾವಧಿ ಜೋಡಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಒಂದು ದೈತ್ಯ ನಕ್ಷತ್ರವೋ, ನಕ್ಷತ್ರದ ಸುತ್ತ ಹರಡಿದ ದೊಡ್ಡ ದೂಳಿನ ತಟ್ಟೆಯೋ ಇರುತ್ತದೆ. ಬೇರೆ ನಕ್ಷತ್ರಗಳಲ್ಲಿ ನೋಡಲು ಸಿಗದ ಸಂಗತಿಗಳು ಇಲ್ಲಿ ಸಿಗುವುದೂ ಇದೇ ಕಾರಣಕ್ಕೆ.

ಯಾವ ನಕ್ಷತ್ರ ಹಿಡಿಯಬೇಕು

ಕೈ ಪಳಗಿಸಿಕೊಳ್ಳಲು ಆಲ್ಗಾಲ್‌ನಿಂದ ಶುರು ಮಾಡಿ. ಅದು ಪಾರ್ಥ ಪುಂಜದಲ್ಲಿದೆ. ಅವಧಿ, ಅಂದರೆ ಒಂದು ಗ್ರಹಣದಿಂದ ಮುಂದಿನದಕ್ಕೆ ಹಿಡಿಯುವ ಕಾಲ, 2.87 ದಿನ. ಗ್ರಹಣ ಸುಮಾರು 10 ಗಂಟೆ. ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ. (ಕಾಂತಿಮಾನ ಅಂದರೆ ಹೊಳಪಿನ ಅಳತೆ. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಸುಕು.) ಇದು ದೀರ್ಘಾವಧಿಯದ್ದಲ್ಲ, ನಿಜ. ಆದರೆ ನಿಮ್ಮ ವಿಧಾನ ಸರಿಯಿದೆಯೋ ಇಲ್ಲವೋ ಅನ್ನೋದು ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ಆಮೇಲೆ ವಿಜಯಸಾರಥಿಗೆ ಬನ್ನಿ. ಬ್ರಹ್ಮಹೃದಯ ಎಲ್ಲರಿಗೂ ಸಿಗುತ್ತದೆ, ಅಷ್ಟು ಹೊಳಪು. ಅದರ ಪಕ್ಕದಲ್ಲೇ, ಮೂರೂವರೆ ಡಿಗ್ರಿ ಆಚೆ, ಮೂರು ನಕ್ಷತ್ರಗಳ ಒಂದು ಸಣ್ಣ ತ್ರಿಕೋನ ಇದೆ. ಕೈ ಚಾಚಿ ಎರಡು ಬೆರಳು ಹಿಡಿದರೆ ಮುಚ್ಚುವಷ್ಟು ದೂರ. ಬ್ರಹ್ಮಹೃದಯಕ್ಕೆ ಹತ್ತಿರದ ಮೂಲೆಯಲ್ಲಿರುವುದು ಎಪ್ಸಿಲಾನ್. ಇನ್ನೆರಡು ಈಟಾ ಮತ್ತು ಜೀಟಾ. ಈ ಮೂರರಲ್ಲಿ ಎರಡು, ಅಂದರೆ ಎಪ್ಸಿಲಾನ್ ಮತ್ತು ಜೀಟಾ, ದೀರ್ಘಾವಧಿ ಗ್ರಹಣದ ನಕ್ಷತ್ರಗಳು. ಇಷ್ಟು ಚಿಕ್ಕ ಜಾಗದಲ್ಲಿ ಬರಿಗಣ್ಣಿಗೆ ಕಾಣುವ ಇಂಥ ಎರಡು ನಕ್ಷತ್ರಗಳು! ನನ್ನ ಮಟ್ಟಿಗೆ ಇಡೀ ಆಕಾಶದಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಜೀಟಾದ ಅವಧಿ 972 ದಿನ, ಅಂದರೆ ಎರಡೂ ಮುಕ್ಕಾಲು ವರ್ಷಕ್ಕೆ ಸ್ವಲ್ಪ ಕಮ್ಮಿ. ಅಲ್ಲಿ ಕಿತ್ತಳೆ ಬಣ್ಣದ ದೈತ್ಯವೊಂದು ಬಿಸಿಯಾದ ನೀಲಿ ನಕ್ಷತ್ರವನ್ನು ಐದು ವಾರದಷ್ಟು ಕಾಲ ಪೂರ್ತಿ ಮರೆಮಾಡುತ್ತದೆ. ತಾಳ್ಮೆಯಿದ್ದರೆ ಮೂರು ವರ್ಷದೊಳಗೆ ಒಂದು ಗ್ರಹಣವಾದರೂ ಬರುತ್ತದೆ. ಆದರೆ ಅದು ಬೇಸಿಗೆಯಲ್ಲೋ ಮಳೆಗಾಲದಲ್ಲೋ ಬಂದರೆ ಮುಂದಿನದಕ್ಕೆ ಕಾಯಬೇಕು.

ಯುಧಿಷ್ಠಿರ ಪುಂಜದಲ್ಲಿ ಇನ್ನೆರಡು ಇವೆ. ವಿವಿ ಸೆಫಿ 20 ವರ್ಷದ್ದು. ಅದರ ಗ್ರಹಣ 2017ರಲ್ಲಿ ಶುರುವಾಗಿ 2019ರವರೆಗೆ ನಡೆಯಿತು. ಇಇ ಸೆಫಿ ಐದೂವರೆ ವರ್ಷಕ್ಕೊಮ್ಮೆ ಬರುತ್ತದೆ, ಅಂದರೆ ಸುಮಾರು 2,050 ದಿನಕ್ಕೆ. ಇದು ತುಂಬಾ ವಿಚಿತ್ರವಾದದ್ದು. ಒಂದು ಸಲ ಅರ್ಧ ಕಾಂತಿಮಾನ ಮಾತ್ರ ಇಳಿಯುತ್ತದೆ, ಇನ್ನೊಂದು ಸಲ ಎರಡರಷ್ಟು. ಮರೆಮಾಡುವ ತಟ್ಟೆ ಪ್ರತಿ ಸಲವೂ ಬೇರೆ ಬೇರೆ ಓರೆಯಲ್ಲಿ ಬರುವುದೇ ಇದಕ್ಕೆ ಕಾರಣ ಎಂಬ ವಿವರಣೆ ಇದೆ. ಇದರ ಕಾಂತಿಮಾನ 10.8. ಹಾಗಾಗಿ ನಾಲ್ಕು–ಆರು ಇಂಚಿನ ದೂರದರ್ಶಕ ಮತ್ತು ಕ್ಯಾಮೆರಾ ಬೇಕು.

ಪಾರ್ಥ ಪುಂಜದ ಗಾಮಾ 14.6 ವರ್ಷಕ್ಕೊಮ್ಮೆ ಬರುತ್ತದೆ. ಗ್ರಹಣ ಎರಡು ವಾರದಷ್ಟೇ. 1990ಕ್ಕೆ ಮೊದಲು ಅದರ ಗ್ರಹಣವನ್ನು ಯಾರೂ ಅಳೆದಿರಲಿಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರವೇ ಅಷ್ಟು ಕಾಲ ಕೈಗೆ ಸಿಕ್ಕಿರಲಿಲ್ಲ ಅಂದರೆ ನೋಡಿ!

ಗ್ರಹಣ ಯಾವಾಗ ಅಂತ ಲೆಕ್ಕ ಹಾಕುವುದು

ಹಿಂದಿನ ಗ್ರಹಣದ ದಿನಾಂಕಕ್ಕೆ ಅವಧಿಯನ್ನು ಕೂಡಿಸಿದರೆ ಮುಂದಿನದು. ಇದಕ್ಕೆ ಕ್ಯಾಲೆಂಡರ್ ದಿನಾಂಕಕ್ಕಿಂತ ಜೂಲಿಯನ್ ದಿನ ಸಂಖ್ಯೆ ಅನುಕೂಲ. ತಿಂಗಳು, ಅಧಿಕ ವರ್ಷ ಯಾವುದರ ಗೊಡವೆಯೂ ಇಲ್ಲ, ಬರೀ ದಿನಗಳ ಎಣಿಕೆ.

ಎಪ್ಸಿಲಾನ್ ಉದಾಹರಣೆ ತೆಗೆದುಕೊಳ್ಳಿ. ಕಳೆದ ಗ್ರಹಣ 2009ರ ಆಗಸ್ಟ್ ಮಧ್ಯದಲ್ಲಿ ಶುರುವಾಯಿತು. ಜೂಲಿಯನ್ ದಿನ ಸುಮಾರು 24,55,060. ಅವಧಿ ಸುಮಾರು 9,896 ದಿನ. ಕೂಡಿಸಿದರೆ 24,64,956. ಅದು 2036ರ ಸೆಪ್ಟೆಂಬರ್ 19ರ ಹೊತ್ತಿಗೆ ಬರುತ್ತದೆ. ಇಂಥ ನಕ್ಷತ್ರಕ್ಕೆ ಆ ದಿನಾಂಕವನ್ನು ಕೆಲವು ವಾರ ಹಿಂದೆ ಮುಂದೆ ಇಟ್ಟುಕೊಂಡೇ ನೋಡಬೇಕು. ಬೇರೆ ನಕ್ಷತ್ರಗಳ ಅವಧಿ ಮತ್ತು ಆರಂಭದ ದಿನ ಎರಡೂ ಎಎವಿಎಸ್‌ಒ ಸಂಸ್ಥೆಯ ವಿಎಸ್ಎಕ್ಸ್ ಪಟ್ಟಿಯಲ್ಲಿ ಉಚಿತವಾಗಿ ಸಿಗುತ್ತವೆ. 1911ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಸಂಸ್ಥೆ ಇರುವುದೇ ಚಂಚಲ ನಕ್ಷತ್ರಗಳ, ಅಂದರೆ ಹೊಳಪು ಬದಲಾಗುವ ನಕ್ಷತ್ರಗಳ, ವೀಕ್ಷಕರಿಗಾಗಿ.

ಲೆಕ್ಕವನ್ನು ಪೂರ್ತಿ ನಂಬಬೇಡಿ. ವಿವಿ ಸೆಫಿಯ 1997ರ ಗ್ರಹಣ ಲೆಕ್ಕಕ್ಕಿಂತ ಎರಡು ತಿಂಗಳಿಗೂ ಜಾಸ್ತಿ ತಡವಾಗಿ ಬಂತು. ಅಷ್ಟು ತಡವಾದದ್ದೇ ಒಂದು ದೊಡ್ಡ ಸುದ್ದಿ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದ್ರವ್ಯ ಹರಿದು ಅವಧಿಯೇ ಬದಲಾಗಿರಬಹುದು ಎಂಬ ಚರ್ಚೆ ಅದರಿಂದ ಹುಟ್ಟಿತು. ಹಾಗಾಗಿ ಲೆಕ್ಕದ ದಿನಕ್ಕಿಂತ ಮೂರು ತಿಂಗಳು ಮೊದಲೇ ನಿಯಮಿತವಾಗಿ ನೋಡಲು ಶುರು ಮಾಡಿ.

ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮಲ್ಲಿ ವಿಜಯಸಾರಥಿಗೆ ಒಳ್ಳೆಯ ಕಾಲ ನವೆಂಬರ್‌ನಿಂದ ಮಾರ್ಚ್. ಫೆಬ್ರವರಿ ಮೊದಲ ವಾರ ರಾತ್ರಿ 8ರ ಹೊತ್ತಿಗೆ ಅದು ಉತ್ತರದಲ್ಲಿ ಸುಮಾರು 59 ಡಿಗ್ರಿ ಎತ್ತರಕ್ಕೆ ಬಂದಿರುತ್ತದೆ. ಜೂನ್‌ನಲ್ಲಿ ಸೂರ್ಯನ ಹತ್ತಿರ ಹೋಗುತ್ತದೆ, ಹಿಂದೆಯೇ ಮಳೆಗಾಲ. ಅಲ್ಲಿಗೆ ಮೂರು ನಾಲ್ಕು ತಿಂಗಳ ಖಾಲಿ ಜಾಗ ಬೀಳುತ್ತದೆ. ಇಇ ಸೆಫಿಯ ಮುಂದಿನ ಗ್ರಹಣದ ಮಧ್ಯಭಾಗ ಲೆಕ್ಕದ ಪ್ರಕಾರ 2031ರ ಜೂನ್ ಕೊನೆಗೆ ಬೀಳುತ್ತದೆ. ಕರಾವಳಿ, ಮಲೆನಾಡಿನವರಿಗೆ ಅದು ಸಿಗುವುದು ಕಷ್ಟ. ಯುರೋಪ್, ಅಮೆರಿಕದಲ್ಲಿರುವ ಕನ್ನಡಿಗ ಹವ್ಯಾಸಿಗಳು ಈ ಜಾಗ ತುಂಬಬಹುದು. ಅವರಿಗೆ ಆಗ ಬೇಸಿಗೆ, ಯುಧಿಷ್ಠಿರ ಅವರಿಗೆ ಇನ್ನೂ ಎತ್ತರದಲ್ಲಿರುತ್ತಾನೆ.

ಕಣ್ಣಿನಿಂದಲೇ ಅಳೆಯುವುದು

ಉಪಕರಣ ಇಲ್ಲ ಅಂತ ಹಿಂದೆ ಸರಿಯಬೇಡಿ. ಎಪ್ಸಿಲಾನ್ ಬೆಳಕು ಕುಂದುವುದನ್ನು 1821ರಲ್ಲಿ ಯೋಹಾನ್ ಫ್ರಿಚ್ ಗುರುತಿಸಿದ್ದು ಕಣ್ಣಿನಿಂದಲೇ.

ವಿಧಾನ ಇಷ್ಟೇ. ನಿಮ್ಮ ನಕ್ಷತ್ರಕ್ಕಿಂತ ಸ್ವಲ್ಪ ಹೊಳಪಿನ ಒಂದು, ಸ್ವಲ್ಪ ಮಸುಕಿನ ಒಂದು ಹೋಲಿಕೆ ನಕ್ಷತ್ರ ಆರಿಸಿ. ಎಪ್ಸಿಲಾನ್‌ಗೆ ಅದೇ ಪುಂಜದ ಅಯೋಟಾ (ಕಾಂತಿಮಾನ 2.7) ಮತ್ತು ಈಟಾ (3.2) ಸರಿಹೋಗುತ್ತವೆ. ಈ ಎರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಐದು ಭಾಗ ಮಾಡಿ. ಎಪ್ಸಿಲಾನ್ ಅಯೋಟಾದಿಂದ ಮೂರು ಭಾಗ ಕೆಳಗೆ, ಈಟಾದಿಂದ ಎರಡು ಭಾಗ ಮೇಲೆ ಕಂಡರೆ ಅದರ ಕಾಂತಿಮಾನ 3.0. ಗ್ರಹಣದಲ್ಲಿ ಅದು 3.8ರ ಹತ್ತಿರ ಇಳಿಯುತ್ತದೆ. ಆಗ ಡೆಲ್ಟಾ (3.7) ಮತ್ತು ನ್ಯೂ (4.0) ನಕ್ಷತ್ರಗಳನ್ನು ಹಿಡಿಯಬೇಕಾಗುತ್ತದೆ. ಪಕ್ಕದಲ್ಲೇ ಇದೆ ಅಂತ ಜೀಟಾವನ್ನು ಹೋಲಿಕೆಗೆ ಬಳಸಬೇಡಿ. ಅದೇ ಬದಲಾಗುವ ನಕ್ಷತ್ರ.

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20 ನಿಮಿಷ ಕೊಡಿ. ಕೆಂಪು ನಕ್ಷತ್ರವನ್ನು, ಉದಾಹರಣೆಗೆ ವಿವಿ ಸೆಫಿಯನ್ನು, ದಿಟ್ಟಿಸಿ ನೋಡಬೇಡಿ. ದಿಟ್ಟಿಸಿದಷ್ಟೂ ಅದು ಹೆಚ್ಚು ಹೊಳೆಯುವಂತೆ ಕಾಣುತ್ತದೆ. ಕಣ್ಣು ಹಾಯಿಸಿ, ತೆಗೆದು, ಮತ್ತೆ ಹಾಯಿಸಿ. ನಿನ್ನೆ ಎಷ್ಟು ಬರೆದಿದ್ದೆ ಅಂತ ಮೊದಲು ತೆಗೆದು ನೋಡುವ ಅಭ್ಯಾಸ ಖಂಡಿತ ಬೇಡ. ಹಳೆಯ ಅಂಕಿ ತಲೆಯಲ್ಲಿದ್ದರೆ ಕಣ್ಣು ಅದನ್ನೇ ಕಾಣುತ್ತದೆ.

ಕಣ್ಣಿನ ಅಳತೆಯಲ್ಲಿ 0.1ರಷ್ಟು ತಪ್ಪು ಇದ್ದೇ ಇರುತ್ತದೆ. ಎಪ್ಸಿಲಾನ್‌ಗೆ ಅದು ಸಾಕು. ಜೀಟಾಗೆ ಸಾಲದು, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ಇಳಿತ ತೀರಾ ಸಣ್ಣದು. ಅದಕ್ಕೆ ಕ್ಯಾಮೆರಾ ಬೇಕು.

ಕ್ಯಾಮೆರಾದಿಂದ ಅಳೆಯುವುದು

ಮದುವೆ, ಪ್ರವಾಸದ ಫೋಟೋಗೆ ಅಂತ ತಂದ ಹಳೆಯ ಡಿಎಸ್ಎಲ್ಆರ್ ಸಾಕು. 50 ಮಿ.ಮೀ. ಲೆನ್ಸ್, ಗಟ್ಟಿಯಾದ ಟ್ರೈಪಾಡ್, ರಿಮೋಟ್ ಬಟನ್ ಇರಲಿ. ಮೂರನೇ ಕಾಂತಿಮಾನದ ನಕ್ಷತ್ರಕ್ಕೆ ದೊಡ್ಡ ದೂರದರ್ಶಕ ತೊಂದರೆಯೇ. ಬೆಳಕು ಜಾಸ್ತಿಯಾಗಿ ಸೆನ್ಸರ್ ತುಂಬಿ ಹೋಗುತ್ತದೆ, ಹೋಲಿಕೆ ನಕ್ಷತ್ರಗಳೂ ಅದೇ ಚಿತ್ರದೊಳಗೆ ಸಿಗುವುದಿಲ್ಲ.

ಫೈಲ್ ರಾ ರೂಪದಲ್ಲೇ ಇರಲಿ. ಜೆಪೆಗ್‌ನಲ್ಲಿ ಕ್ಯಾಮೆರಾ ತನ್ನ ಇಷ್ಟದಂತೆ ಬೆಳಕನ್ನು ತಿದ್ದಿಬಿಡುತ್ತದೆ, ಅಂಥ ಚಿತ್ರದಿಂದ ಅಳತೆ ಸಾಧ್ಯವಿಲ್ಲ. ಐಎಸ್ಒ 200 ಅಥವಾ 400. ಲೆನ್ಸ್ ಪೂರ್ತಿ ತೆರೆಯದೆ ಎಫ್ 4ರ ಹತ್ತಿರ ಇಡಿ. ಐದು ಸೆಕೆಂಡ್ ಎಕ್ಸ್‌ಪೋಷರ್ ಕೊಡಿ. ಅಷ್ಟರಲ್ಲಿ ಆಕಾಶ ಸರಿದು ನಕ್ಷತ್ರ ನಾಲ್ಕೈದು ಪಿಕ್ಸೆಲ್‌ನಷ್ಟು ಉದ್ದವಾಗುತ್ತದೆ, ಪರವಾಗಿಲ್ಲ. ಫೋಕಸ್ಸನ್ನು ಬೇಕಂತಲೇ ಸ್ವಲ್ಪ ತಪ್ಪಿಸಿ. ನಕ್ಷತ್ರ ಒಂದು ಚಿಕ್ಕ ಬಿಲ್ಲೆಯಂತೆ ಹರಡಬೇಕು. ಚೂಪಾದ ಚುಕ್ಕಿಯ ಬೆಳಕು ಒಂದೇ ಬಣ್ಣದ ಪಿಕ್ಸೆಲ್ ಮೇಲೆ ಬಿದ್ದು ಅಳತೆ ಕೆಡುತ್ತದೆ. ಹರಡಿದ ಬಿಲ್ಲೆಯಲ್ಲಿ ಎಲ್ಲ ಬಣ್ಣದ ಪಿಕ್ಸೆಲ್‌ಗಳಿಗೂ ಪಾಲು ಸಿಗುತ್ತದೆ.

ಮೊದಲ ಚಿತ್ರ ತೆಗೆದ ಕೂಡಲೇ ಲ್ಯಾಪ್‌ಟಾಪಿನಲ್ಲಿ ತೆರೆದು ನಕ್ಷತ್ರದ ಅತಿ ಹೊಳಪಿನ ಪಿಕ್ಸೆಲ್ ನೋಡಿ. 14 ಬಿಟ್ ಕ್ಯಾಮೆರಾದ ಗರಿಷ್ಠ ಬೆಲೆ 16,383. ನಿಮ್ಮದು 10,000ದ ಒಳಗಿದ್ದರೆ ಒಳ್ಳೆಯದು. ದಾಟಿದ್ದರೆ ಫೋಕಸ್ ಇನ್ನಷ್ಟು ತಪ್ಪಿಸಿ ಅಥವಾ ಸಮಯ ಇಳಿಸಿ. ಈ ಒಂದು ಪರೀಕ್ಷೆ ಬಿಟ್ಟರೆ ರಾತ್ರಿಯಿಡೀ ತೆಗೆದದ್ದೆಲ್ಲ ವ್ಯರ್ಥ.

ಚಿತ್ರಗಳು ಹತ್ತರಿಂದ ಇಪ್ಪತ್ತು ಇರಲಿ. ಒಂದರಲ್ಲಿ ಗಾಳಿಯ ಮಿನುಗು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಸರಾಸರಿಯಲ್ಲಿ ಅದು ಕರಗುತ್ತದೆ. ಸೆನ್ಸರಿನ ಸ್ವಂತ ಗದ್ದಲ ಕಳೆಯಲು ಲೆನ್ಸ್ ಮುಚ್ಚಳ ಹಾಕಿ ಅಷ್ಟೇ ಸಮಯದ ಹತ್ತು ಡಾರ್ಕ್ ಚಿತ್ರ ತೆಗೆಯಿರಿ. ಚಿತ್ರದ ಅಂಚಿನ ಮಂಕು ಸರಿಪಡಿಸಲು ಸಮವಾದ ಬಿಳಿ ಬೆಳಕಿನ ಕಡೆ ತಿರುಗಿಸಿ ಹತ್ತು ಫ್ಲಾಟ್ ಚಿತ್ರ ತೆಗೆಯಿರಿ. ಫ್ಲಾಟ್ ತೆಗೆಯುವಾಗ ಫೋಕಸ್ ಮುಟ್ಟಬೇಡಿ.

ಇನ್ನು ಅಳತೆ. ಸಿರಿಲ್, ಆಸ್ಟ್ರೋಇಮೇಜ್‌ಜೆ ಎರಡೂ ಉಚಿತ ತಂತ್ರಾಂಶಗಳು. ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಬೇರ್ಪಡಿಸಿಕೊಳ್ಳಿ. ಹಸಿರು–ಹಳದಿ ಬೆಳಕನ್ನು ಮಾತ್ರ ಬಿಡುವ, ಖಗೋಳ ವಿಜ್ಞಾನಿಗಳ ವಿ ಫಿಲ್ಟರ್‌ಗೆ ಅದೇ ಹತ್ತಿರ. ನಕ್ಷತ್ರದ ಸುತ್ತ ಒಂದು ವೃತ್ತ ಹಾಕಿದರೆ ಒಳಗಿನ ಬೆಳಕನ್ನು ತಂತ್ರಾಂಶ ಕೂಡಿಸಿ, ಹೊರಗಿನ ಉಂಗುರದಿಂದ ಆಕಾಶದ ಬೆಳಕನ್ನು ಕಳೆಯುತ್ತದೆ. ಉದಾಹರಣೆಗೆ ಎಪ್ಸಿಲಾನ್‌ನ ಬೆಳಕು 84,000, ಈಟಾದ್ದು 70,000 ಬಂತು ಅನ್ನಿ. ಅನುಪಾತ 1.2. ಅದರ ಲಾಗರಿತಮ್ (10ರ ಆಧಾರದ್ದು) 0.079. ಅದನ್ನು 2.5ರಿಂದ ಗುಣಿಸಿದರೆ 0.20. ಈಟಾಕ್ಕಿಂತ ಅಷ್ಟು ಹೊಳಪು ಜಾಸ್ತಿ. 3.20ರಿಂದ ಕಳೆದರೆ ಎಪ್ಸಿಲಾನ್ 3.00.

ಮೂರನೆಯದೊಂದು ನಕ್ಷತ್ರವನ್ನು ಬರೀ ಪರೀಕ್ಷೆಗಾಗಿ ಅಳೆಯುತ್ತಿರಿ. ಬದಲಾಗದ ನಕ್ಷತ್ರ ಅದು. ಅದರ ಅಂಕಿ ರಾತ್ರಿಯಿಂದ ರಾತ್ರಿಗೆ ಕುಣಿದರೆ ತಪ್ಪು ಆಕಾಶದ್ದೋ ನಿಮ್ಮದೋ, ಗುರಿ ನಕ್ಷತ್ರದ್ದಂತೂ ಅಲ್ಲ. ಜಾಗ್ರತೆಯಿಂದ ಮಾಡಿದರೆ 0.02ರ ನಿಖರತೆ ಸಾಧಾರಣ ಕ್ಯಾಮೆರಾದಲ್ಲೇ ಬರುತ್ತದೆ. ನಕ್ಷತ್ರ 30 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಅಳೆಯಲು ಹೋಗಬೇಡಿ.

ಎಷ್ಟು ದಿನಕ್ಕೊಮ್ಮೆ ನೋಡಬೇಕು

ಶಾಂತ ವರ್ಷಗಳಲ್ಲಿ ವಾರಕ್ಕೆ ಒಂದು ಸಲ ಸಾಕು. ಒಂದೇ ರಾತ್ರಿ ನೂರು ಅಳತೆ ಮಾಡಿ ಆಮೇಲೆ ಎರಡು ತಿಂಗಳು ಬಿಡುವುದಕ್ಕಿಂತ ವಾರಕ್ಕೊಂದು ಅಳತೆ ಎಷ್ಟೋ ಮೇಲು. ಎಪ್ಸಿಲಾನ್ ಗ್ರಹಣ ಇಲ್ಲದಾಗಲೂ 0.1ರಷ್ಟು ಏರಿಳಿಯುತ್ತದೆ. ಎರಡು ತಿಂಗಳ ಆಸುಪಾಸಿನ ಏರಿಳಿತ ಅದು, ಗಡಿಯಾರದಂತೆ ನಿಯಮಿತವೂ ಅಲ್ಲ. ಈ ಏರಿಳಿತ ಗೊತ್ತಿಲ್ಲದಿದ್ದರೆ ಗ್ರಹಣ ಶುರುವಾದ ದಿನವನ್ನು ಹೇಳಲಿಕ್ಕೇ ಆಗದು. ಶಾಂತ ವರ್ಷಗಳ ಕೆಲಸಕ್ಕೆ ಇಷ್ಟು ಒತ್ತು ಕೊಡುತ್ತಿರುವುದು ಇದಕ್ಕೇ.

ಗ್ರಹಣದ ಆರಂಭ ಮತ್ತು ಅಂತ್ಯದಲ್ಲಿ ವೇಗ ಹೆಚ್ಚಿಸಿ. ಎಪ್ಸಿಲಾನ್‌ಗೆ ವಾರಕ್ಕೆ ಎರಡು ಮೂರು. ಜೀಟಾಗೆ ಪ್ರತಿ ರಾತ್ರಿ, ಸಾಧ್ಯವಾದರೆ ರಾತ್ರಿಗೆ ಎರಡು ಸಲ. ಅಲ್ಲಿ ನೀಲಿ ನಕ್ಷತ್ರ ದೈತ್ಯದ ಅಂಚಿನ ಹಿಂದೆ ಇಳಿಯಲು ಒಂದೆರಡು ದಿನ ಸಾಕು. ನಡುವೆ ಬೆಳಕು ಒಂದೇ ಮಟ್ಟದಲ್ಲಿರುತ್ತದೆ, ಬೇಸರ ಬರುತ್ತದೆ. ಆದರೂ ಬಿಡಬೇಡಿ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರ್ ದೂರದರ್ಶಕ ಇದೆ. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕುಳಿತು. ಅಷ್ಟು ದೊಡ್ಡ ಕನ್ನಡಿ ಒಂದೇ ನಕ್ಷತ್ರಕ್ಕೆ ಹತ್ತು ವರ್ಷ, ವಾರಕ್ಕೊಮ್ಮೆ ಸಮಯ ಕೊಡಲಾಗದು. ಅಂತರಿಕ್ಷದಲ್ಲಿರುವ ಟೆಸ್ ದೂರದರ್ಶಕ ಆಕಾಶದ ಒಂದು ಭಾಗವನ್ನು 27 ದಿನ ನೋಡಿ ಮುಂದೆ ಹೋಗುತ್ತದೆ. ಇಡೀ ಆಕಾಶವನ್ನು ರಾತ್ರಿ ರಾತ್ರಿ ಸ್ಕ್ಯಾನ್ ಮಾಡುವ ಆಸ್‌ಸಾಸ್‌ನಂಥ ಯೋಜನೆಗಳಿಗೆ ಹೊಳಪಿನ ನಕ್ಷತ್ರಗಳು ಕಣ್ಣು ಕೋರೈಸುತ್ತವೆ. ಹೀಗೆ ಎಲ್ಲರೂ ಬಿಟ್ಟ ಜಾಗ ಇದು. ನಮ್ಮ ತಾರಸಿಗಳಿಂದ ತುಂಬಬಹುದಾದದ್ದು.

ಬಣ್ಣ ಹೇಳುವ ಕಥೆ

ಹಸಿರಿನ ಜೊತೆ ನೀಲಿ, ಕೆಂಪು ಪಿಕ್ಸೆಲ್‌ಗಳನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಖರ್ಚು ಏನಿಲ್ಲ, ಅದೇ ಚಿತ್ರ.

ಜೀಟಾದಲ್ಲಿ ಮರೆಯಾಗುವುದು ನೀಲಿ ನಕ್ಷತ್ರ. ಹಾಗಾಗಿ ನೀಲಿಯಲ್ಲಿ ಇಳಿತ ಜಾಸ್ತಿ, ಕೆಂಪಿನಲ್ಲಿ ಬಹಳ ಕಮ್ಮಿ. ವಿವಿ ಸೆಫಿಯಲ್ಲೂ ಅಷ್ಟೇ, ಅಲ್ಲಿ ಕೆಂಪು ಮಹಾದೈತ್ಯವೇ ನಮಗೆ ಕಾಣುವ ಬೆಳಕಿನ ಬಹುಪಾಲು ಕೊಡುತ್ತದೆ. ಎಪ್ಸಿಲಾನ್‌ನಲ್ಲಿ ಮರೆಮಾಡುವುದು ದೂಳಿನ ತಟ್ಟೆ, ಅಲ್ಲಿ ಎಲ್ಲ ಬಣ್ಣಗಳೂ ಹೆಚ್ಚು ಕಡಿಮೆ ಒಂದೇ ಸಮ ಇಳಿಯುತ್ತವೆ. ಸಣ್ಣ ದೂಳು ನೀಲಿಯನ್ನು ಹೆಚ್ಚು ತಡೆಯುತ್ತದೆ, ಸಂಜೆಯ ಸೂರ್ಯನನ್ನು ನಮ್ಮ ಗಾಳಿ ಕೆಂಪಾಗಿಸುವ ಹಾಗೆ. ಬಣ್ಣ ಬದಲಾಗದಿದ್ದರೆ ಅಲ್ಲಿರುವ ಕಣಗಳು ದಪ್ಪವಾಗಿರಬೇಕು ಅಥವಾ ತಟ್ಟೆ ಪೂರ್ತಿ ಅಪಾರದರ್ಶಕವಾಗಿರಬೇಕು. ಮೂರು ಅಂಕಿಗಳ ಹೋಲಿಕೆಯಿಂದ ಇಷ್ಟು ಹೇಳಲು ಸಾಧ್ಯ.

ರೋಹಿತ ತೆಗೆಯುವ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಸಾಧನ ಇದ್ದವರು ಜೀಟಾ ಗ್ರಹಣದ ಮೊದಲು ಮತ್ತು ನಂತರದ ದಿನಗಳನ್ನು ಬಿಡಬೇಡಿ. ಆಗ ನೀಲಿ ನಕ್ಷತ್ರದ ಬೆಳಕು ದೈತ್ಯದ ತೆಳು ವಾತಾವರಣವನ್ನು ತೂರಿಕೊಂಡು ಬರುತ್ತದೆ. ರೋಹಿತದಲ್ಲಿ ಕ್ಯಾಲ್ಸಿಯಂನ ಕಪ್ಪು ಗೆರೆಗಳು ದಿನದಿಂದ ದಿನಕ್ಕೆ ದಪ್ಪಗಾಗುತ್ತವೆ. ಸೂರ್ಯನನ್ನು ಬಿಟ್ಟರೆ ನಕ್ಷತ್ರದ ವಾತಾವರಣವನ್ನು ಹೀಗೆ ಪದರ ಪದರವಾಗಿ ನೋಡುವ ಅವಕಾಶ ಸಿಗುವುದೇ ಅಪರೂಪ.

ಹಳೆಯ ಫಲಕಗಳಲ್ಲಿ ಹುಡುಕುವುದು

ಮೋಡ ಕವಿದ ತಿಂಗಳುಗಳಲ್ಲಿ ಮಾಡಲು ಒಳ್ಳೆಯ ಕೆಲಸ ಇದು. ಹಾರ್ವರ್ಡ್ ವೀಕ್ಷಣಾಲಯದ ಹತ್ತೊಂಬತ್ತನೇ ಶತಮಾನದ ಕೊನೆಯಿಂದೀಚಿನ ಗಾಜಿನ ಫೋಟೋ ಫಲಕಗಳನ್ನು ಡ್ಯಾಶ್ ಯೋಜನೆ ಡಿಜಿಟಲ್ ಮಾಡಿದೆ. ಒಂದು ನಕ್ಷತ್ರದ ಹೆಸರು ಕೊಟ್ಟರೆ ನೂರು ವರ್ಷದ ಹೊಳಪಿನ ಗೀಟು, ಅಂದರೆ ಹೊಳಪಿನ ಏರಿಳಿತ ತೋರಿಸುವ ಗ್ರಾಫ್, ಸಿಗುತ್ತದೆ.

ಟಿವೈಸಿ 2505-672-1 ಎಂಬ ನಕ್ಷತ್ರದ ಕಥೆ ಹೀಗೇ ಹೊರಬಂತು. 2011ರಲ್ಲಿ ಅದು ಮಂಕಾಗಲು ಶುರುವಾಯಿತು, ಮೂರೂವರೆ ವರ್ಷ ಹಾಗೇ ಇತ್ತು. ಹಾರ್ವರ್ಡ್ ಫಲಕಗಳಲ್ಲಿ ಹುಡುಕಿದರೆ 1940ರ ದಶಕದಲ್ಲೂ ಅಂಥದ್ದೇ ಗ್ರಹಣ! ಅವಧಿ 69 ವರ್ಷ ಅಂತ 2016ರಲ್ಲಿ ಪ್ರಕಟವಾಯಿತು. ಮುಂದಿನದು 2080ರ ಹೊತ್ತಿಗೆ. ಮೊದಲ ಗ್ರಹಣದ ಫಲಕಗಳನ್ನು ತೆಗೆದವರಿಗೆ ತಾವು ಏನನ್ನು ಹಿಡಿದಿದ್ದೇವೆ ಅನ್ನೋದು ಗೊತ್ತೇ ಇರಲಿಲ್ಲ.

ಗೀಟಿನಿಂದ ಗಾತ್ರ

ಅಳತೆಗಳನ್ನೆಲ್ಲ ಒಂದು ಗ್ರಾಫಿಗೆ ಹಾಕಿ. ಇಳಿಯಲು ಶುರುವಾದದ್ದು, ತಳ ಮುಟ್ಟಿದ್ದು, ಏರಲು ಶುರುವಾದದ್ದು, ಪೂರ್ತಿ ಏರಿದ್ದು, ಈ ನಾಲ್ಕು ದಿನಗಳನ್ನು ಗುರುತಿಸಿ. ಒಂದು ಒರಟು ಲೆಕ್ಕ ನೋಡಿ. ಎಪ್ಸಿಲಾನ್ ಜೋಡಿಯ ಪರಸ್ಪರ ವೇಗ ಸೆಕೆಂಡಿಗೆ 25 ಕಿ.ಮೀ. ಅಂತ ಇಟ್ಟುಕೊಳ್ಳಿ. ಎರಡು ವರ್ಷ ಅಂದರೆ ಸುಮಾರು 6.3 ಕೋಟಿ ಸೆಕೆಂಡ್. ಗುಣಿಸಿದರೆ ಸುಮಾರು 160 ಕೋಟಿ ಕಿ.ಮೀ. ಇದು ತಟ್ಟೆ ಮತ್ತು ನಕ್ಷತ್ರ ಎರಡರ ಅಗಲ ಸೇರಿದ್ದು. ಸೂರ್ಯನಿಂದ ಶನಿಗೆ ಇರುವ ದೂರಕ್ಕಿಂತ ಜಾಸ್ತಿ.

ಇದು ತಟ್ಟೆಯೇ ಇರಬೇಕು ಅಂತ 1965ರಲ್ಲಿ ಸು-ಷು ಹುವಾಂಗ್ ಹೇಳಿದ್ದು ಗೀಟಿನ ಆಕಾರ ನೋಡಿಯೇ. 2009ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ನಿನ ಚಾರಾ ದೂರದರ್ಶಕ ಸಮೂಹ ಆ ಕರಿ ತಟ್ಟೆ ನಕ್ಷತ್ರದ ಮೇಲೆ ಸರಿಯುವುದನ್ನು ಚಿತ್ರವಾಗಿಯೇ ಹಿಡಿಯಿತು. ಗೀಟನ್ನು ಇನ್ನೂ ಆಳವಾಗಿ ಬಿಡಿಸಬೇಕು ಅನ್ನುವವರಿಗೆ ಫೀಬಿ ಎಂಬ ಉಚಿತ ತಂತ್ರಾಂಶ ಇದೆ. ಆದರೆ ಮೊದಲು ಕಾಗದದ ಮೇಲೆ ಕೈಯಿಂದ ಲೆಕ್ಕ ಹಾಕಿ.

ವರದಿ ಕಳಿಸುವಾಗ

ಎಎವಿಎಸ್‌ಒ ವೀಕ್ಷಕ ಸಂಕೇತ ಪಡೆಯಲು ದುಡ್ಡು ಕೊಡಬೇಕಿಲ್ಲ. ನಕ್ಷತ್ರದ ಹೆಸರು, ಜೂಲಿಯನ್ ದಿನ, ಕಾಂತಿಮಾನ, ತಪ್ಪಿನ ಅಂದಾಜು, ಫಿಲ್ಟರ್, ಹೋಲಿಕೆ ಮತ್ತು ಪರೀಕ್ಷೆ ನಕ್ಷತ್ರಗಳು, ಇಷ್ಟನ್ನು ತುಂಬಬೇಕು. ಸಮಯವನ್ನು ಭಾರತದ ಗಡಿಯಾರದಿಂದ ಐದೂವರೆ ಗಂಟೆ ಕಳೆದು ವಿಶ್ವಸಮಯಕ್ಕೆ ತನ್ನಿ. ಭೂಮಿ ಸೂರ್ಯನ ಸುತ್ತ ಚಲಿಸುವುದರಿಂದ ಬರುವ ಎಂಟು ನಿಮಿಷದ ತಿದ್ದುಪಡಿಗೆ ಇಲ್ಲಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದು ಗಂಟೆಗಳ ಲೆಕ್ಕದ ಜೋಡಿಗಳಿಗೆ ಬೇಕಾದದ್ದು.

ಡಿಎಸ್ಎಲ್ಆರ್ ಹಸಿರಿನ ಅಳತೆಯನ್ನು ಬಣ್ಣದ ತಿದ್ದುಪಡಿ ಮಾಡದಿದ್ದರೆ ಟಿಜಿ ಅಂತಲೇ ಗುರುತಿಸಿ, ವಿ ಅಂತ ಹಾಕಬೇಡಿ. ಕ್ಯಾಮೆರಾ, ಲೆನ್ಸ್ ಬದಲಾಯಿಸಿದರೆ ಒಂದು ತಿಂಗಳು ಹಳೆಯದರಿಂದಲೂ ಹೊಸದರಿಂದಲೂ ಒಟ್ಟಿಗೆ ಅಳೆಯಿರಿ. ಎರಡರ ವ್ಯತ್ಯಾಸ ಎಷ್ಟು ಅಂತ ಆಗ ತಿಳಿಯುತ್ತದೆ. ರಾ ಫೈಲ್‌ಗಳನ್ನು ಅಳಿಸಬೇಡಿ, ಎರಡು ಕಡೆ ಇಡಿ. ಎಪ್ಸಿಲಾನ್‌ನ 2009–11ರ ಗ್ರಹಣವನ್ನು ಫೋಟೋಮೀಟರ್‌ನಿಂದ ಅಳೆದವರಲ್ಲಿ ಹೆಚ್ಚಿನವರು ಅದೇ ಪುಂಜದ ಲ್ಯಾಮ್ಡಾ ನಕ್ಷತ್ರವನ್ನು ಹೋಲಿಕೆಗೆ ಬಳಸಿದ್ದರು. ನಿಮ್ಮ ಚಿತ್ರದ ಚೌಕಟ್ಟಿನಲ್ಲಿ ಅದೂ ಬರುವಂತೆ ನೋಡಿಕೊಳ್ಳಿ. ಆಗ 2036ರ ನಿಮ್ಮ ಗೀಟನ್ನು ಅವರ ಗೀಟಿನ ಮೇಲೆ ನೇರವಾಗಿ ಇಟ್ಟು ನೋಡಬಹುದು.